ಎರಡು ಸಾವಿರ ವೋಲ್ಟಿನ ಪತಿಸೇವೆ

ಗಂಡಸರಿಗೆ ನಲವತ್ತೈದು ದಾಟಿದ ಮೇಲೆ ಏನಾದರೊಂದು ಬಂದೇ ಬರುತ್ತದೆ. ಕೆಲವರಿಗೆ ಬಿ.ಪಿ. ಬರುತ್ತದೆ, ಕೆಲವರಿಗೆ ಸಕ್ಕರೆ ಬರುತ್ತದೆ, ಇನ್ನು ಕೆಲವರಿಗೆ ವೈರಾಗ್ಯ ಬರುತ್ತದೆ (ಅಂಥವರ ಹೆಂಡತಿಯರು ಪುಣ್ಯವಂತರು). ನಮ್ಮವರಿಗೆ ಗಿಟಾರು ಬಂತು. ಬಂತು ಅಂದರೆ ನುಡಿಸಲು ಬಂತು ಎಂದು ತಿಳಿಯಬೇಡಿ, ಮನೆಗೆ ಬಂತು. ನುಡಿಸಲು ಬರುವುದಕ್ಕೆ ಇನ್ನೂ ನಾಲ್ಕು ವರ್ಷ ಹಿಡಿಯಿತು. ಆ ನಾಲ್ಕೂ ವರ್ಷ ನಾನು ಅದೇ ಮನೆಯಲ್ಲಿ, ದೇವರು ಕೊಟ್ಟ ಅದೇ ಎರಡು ಕಿವಿಗಳನ್ನು ಇಟ್ಟುಕೊಂಡು ಬದುಕಿದ್ದೇನೆ.

ನಾವು ಬಾಗಲಕೋಟೆ ಕಡೆಯವರು. ಬೆಂಗಳೂರಿನ ಪೀಣ್ಯಕ್ಕೆ ಕೆಲಸಕ್ಕೆಂದು ಬಂದು ಇಪ್ಪತ್ತು ವರ್ಷವಾಯಿತು. ಮಾಕಳಿಯಲ್ಲಿ ಹನುಮಂತರಾಯಪ್ಪನವರ ಮನೆಯ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದೇವೆ. ನಮ್ಮವರ ಹೆಸರು ಬಸಲಿಂಗ, ಒಂದು ಗೇರ್ ಕಾರ್ಖಾನೆಯ ಸ್ಟೋರ್ಸ್‌ನಲ್ಲಿದ್ದಾರೆ. ನಾನು ಶಿವಗಂಗಾ, ಟ್ರಾನ್ಸ್‌ಫಾರ್ಮರ್ ಮಾಡುವ ಕಾರ್ಖಾನೆಯೊಂದರಲ್ಲಿ ಫೈನಲ್ ಟೆಸ್ಟಿಂಗ್ ನೋಡಿಕೊಳ್ಳುತ್ತೇನೆ. ಹತ್ತೊಂಬತ್ತು ವರ್ಷದಿಂದ, ನನ್ನ ಹಸಿರು ‘ಪಾಸ್’ ಸ್ಟಿಕ್ಕರ್ ಬೀಳದೆ ಒಂದು ಡಬ್ಬಿಯೂ ನಮ್ಮ ಕಾರ್ಖಾನೆಯ ಗೇಟು ದಾಟಿಲ್ಲ. ಮಾಲಿಕರೇ ಬಂದು ‘ಶಿವಗಂಗಮ್ಮ, ಅರ್ಜೆಂಟು, ಬಿಟ್ಟುಬಿಡಿ’ ಎಂದು ಕೈಮುಗಿದಾಗಲೂ ನಾನು ಕರಗಿದವಳಲ್ಲ.

ಇಂಥ ಕೆಲಸ ಮಾಡುವವರಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ. ಕಂಡದ್ದನ್ನೆಲ್ಲ ಪಾಸು ಮಾಡುವುದು ಇಲ್ಲವೇ ರಿಜೆಕ್ಟ್ ಮಾಡುವುದು. ನಾನು ಮಿಕ್ಸಿಯನ್ನು ರಿಜೆಕ್ಟ್ ಮಾಡಿದ್ದೇನೆ, ಕೇಬಲ್ಲಿನವನನ್ನು ರಿಜೆಕ್ಟ್ ಮಾಡಿದ್ದೇನೆ, ನಾದಿನಿಯ ಮಗಳಿಗೆ ಬಂದ ಮೂರು ಗಂಡುಗಳನ್ನು ರಿಜೆಕ್ಟ್ ಮಾಡಿದ್ದೇನೆ. ಅಳತೆಯಲ್ಲಿ ಒಂಚೂರು ಹೆಚ್ಚುಕಮ್ಮಿ ಇದ್ದರೂ ಗಿರಾಕಿ ಒಪ್ಪಿದರೆ ಮಾಲು ಬಿಡುವ ಪದ್ಧತಿ ಕಾರ್ಖಾನೆಗಳಲ್ಲಿದೆ. ಅದಕ್ಕೆ ಡೀವಿಯೇಶನ್ ಎನ್ನುತ್ತಾರೆ. ನಮ್ಮವರು ಮದುವೆಯ ದಿನ ಆ ದಾರಿಯಲ್ಲಿ ಪಾಸಾದವರು.

ಗಿಟಾರಿನ ಹಿಂದೆಯೇ ಡಬ್ಬಿಗಳು ಬಂದವು. ಪೆಡಲ್ ಅನ್ನುತ್ತಾರೆ. ನೆಲದ ಮೇಲಿಟ್ಟು ಕಾಲಲ್ಲಿ ಒತ್ತುವ ಚಿಕ್ಕ ಲೋಹದ ಡಬ್ಬಿಗಳು. ಒಂದನ್ನು ತುಳಿದರೆ ಗಿಟಾರಿನ ದನಿ ಗಂಟಲು ಕಟ್ಟಿದ ಹಾಗೆ ಗೊರಗೊರ ಅನ್ನುತ್ತದೆ. ಇನ್ನೊಂದನ್ನು ತುಳಿದರೆ ಬಾವಿಯೊಳಗಿಂದ ಯಾರೋ ಕೂಗಿದ ಹಾಗೆ ಕೇಳುತ್ತದೆ. ಮೂರನೆಯದು ಹೇಳಿದ್ದನ್ನೇ ನಾಲ್ಕು ಸಲ ಹೇಳುತ್ತದೆ (ಮನೆಯಲ್ಲಿ ನಾನಿರುವಾಗ ಅದನ್ನು ಬೇರೆ ತರುವ ಅಗತ್ಯವೇನಿತ್ತೋ). ನಾಲ್ಕನೆಯದು ಏನು ಮಾಡುತ್ತದೆಂದು ನಮ್ಮವರಿಗೂ ಸರಿಯಾಗಿ ಗೊತ್ತಿಲ್ಲ. ಅದರ ನೀಲಿ ದೀಪ ಚೆನ್ನಾಗಿದೆ ಎಂದು ಇಟ್ಟುಕೊಂಡಿದ್ದಾರೆ.

ಈ ನಾಲ್ಕು ಡಬ್ಬಿಗಳನ್ನು ಹೊತ್ತುಕೊಂಡು ನಮ್ಮವರು ಮುರಳಿಯ ಆರ್ಕೆಸ್ಟ್ರಾ ಸೇರಿದರು. ಮುರಳಿ ಹಗಲು ಹೊತ್ತು ವೆಲ್ಡಿಂಗ್ ಅಂಗಡಿ ನಡೆಸುತ್ತಾನೆ, ಹಬ್ಬದ ದಿನಗಳಲ್ಲಿ ಸಂಗೀತ ನಿರ್ದೇಶಕನಾಗುತ್ತಾನೆ. ಗಣೇಶನ ಕಾರ್ಯಕ್ರಮದಲ್ಲಿ ನಮ್ಮವರು ಗಿಟಾರು ಹಿಡಿದು ನಿಂತು ನಾಲ್ಕೂ ಡಬ್ಬಿಗಳಿಗೆ ಕರೆಂಟು ಕೊಟ್ಟರು. ತಂತಿ ಮುಟ್ಟುವ ಮೊದಲೇ ಸ್ಪೀಕರಿನಿಂದ ‘ಗುಂಯ್’ ಎಂದು ಶುರುವಾಯಿತು. ಹಾಡಿನುದ್ದಕ್ಕೂ ಗುಂಯ್. ಹಾಡು ಮುಗಿದ ಮೇಲೂ ಗುಂಯ್. ಹಿಂದಿನ ಸಾಲಿನಿಂದ ಯಾರೋ ಕೂಗಿದರು, “ಲೋ, ಮೊದ್ಲು ಜನರೇಟರ್ ಆಫ್ ಮಾಡ್ರೋ!” ಅಲ್ಲಿ ಜನರೇಟರೇ ಇರಲಿಲ್ಲ.

ಅದಾಗಿ ತಿಂಗಳು ಕಳೆದ ಮೇಲೆ ಮುರಳಿ ಮನೆಗೆ ಬಂದ. ಚಹಾ ಕುಡಿದು, ಲೋಟ ಕೆಳಗಿಟ್ಟು, ವಿಷಯಕ್ಕೆ ಬಂದ.

“ಬಸಣ್ಣ, ಬೇಜಾರ್ ಮಾಡ್ಕೋಬೇಡ. ರಾಜ್ಯೋತ್ಸವಕ್ಕೆ ಒಂದೂವರೆ ನಿಮಿಷ ಸೋಲೋ ನಿಂಗೇ ಅಂತ ಮಾತು ಕೊಟ್ಟಿದ್ದೀನಿ. ಆದ್ರೆ ಈ ಸಲಾನೂ ಗುಂಯ್ ಅಂದ್ರೆ ಆ ಸೋಲೋ ಕೀಬೋರ್ಡ್‌ಗೆ ಹೋಗುತ್ತೆ ಗುರು. ನನ್ ಮರ್ಯಾದೆನೂ ನೋಡ್ಬೇಕಲ್ವಾ?”

ಸೋಲೋ ಎಂದರೆ ಉಳಿದವರೆಲ್ಲ ಸುಮ್ಮನಿದ್ದು ಒಬ್ಬರೇ ನುಡಿಸುವುದು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಉಳಿದವರೆಲ್ಲ ಸುಮ್ಮನಿದ್ದು ನಮ್ಮವರೊಬ್ಬರೇ ಮಾತಾಡಿದ ಒಂದೂವರೆ ನಿಮಿಷ ನನಗೆ ನೆನಪಿಲ್ಲ. ಮುರಳಿ ಹೋದ ಮೇಲೆ ಅವರು ಗಿಟಾರನ್ನು ಗೋಡೆಗೆ ಒರಗಿಸಿ ಅದನ್ನೇ ನೋಡುತ್ತ ಕುಳಿತರು. ಊಟಕ್ಕೆ ಕರೆದರೆ ಒಂದು ರೊಟ್ಟಿಗೇ ಕೈ ತೊಳೆದುಕೊಂಡರು. ಗಂಡನಿಗೆ ಕಷ್ಟ ಬಂದಿದೆ, ಅದೂ ಕರೆಂಟಿನ ಕಷ್ಟ. ಸಾವಿತ್ರಿ ಯಮನ ಹಿಂದೆ ಹೋದಳು, ನಾನು ವೈರಿನ ಹಿಂದೆ ಹೋದೆ.

ನೆಲದ ಮೇಲೆ ಮಂಡಿಯೂರಿ ನೋಡಿದರೆ ಎದೆ ಒಡೆಯುವ ದೃಶ್ಯ. ಟೇಪು ಸುತ್ತಿದ ಒಂದು ಅಡಾಪ್ಟರು. ಅದರಿಂದ ಹೊರಟ ಒಂದೇ ವೈರಿಗೆ ಐದು ತಲೆ. ನಾಲ್ಕು ತಲೆ ನಾಲ್ಕು ಡಬ್ಬಿಗಳಲ್ಲಿ, ಐದನೆಯದು ಗಾಳಿಯಲ್ಲಿ.

“ರೀ, ಇದು ಯಾವುದರ ಅಡಾಪ್ಟರು?”

“ಅದಾ? ಹಳೇ ಇಂಟರ್ನೆಟ್ ಡಬ್ಬಿದು. ಪಿನ್ನು ಸರಿ ಕೂಡ್ತು, ಹಾಕ್ದೆ.”

“ಪಿನ್ನು ಕೂಡ್ತು ಅಂತ ಹಾಕೂದಾ? ಕಾಲಿಗೆ ಸರಿ ಕೂಡ್ತು ಅಂತ ಗುಡಿ ಮುಂದಿನ ಯಾರದೋ ಚಪ್ಪಲಿ ಮೆಟ್ಕೊಂಡ್ ಬರ್ತೀರೇನು? ಇದರ ಮ್ಯಾಲೆ ಹನ್ನೆರಡು ವೋಲ್ಟ್ ಅಂತ ಐತಿ. ನಿಮ್ಮ ಡಬ್ಬಿ ಬೆನ್ನ ಮ್ಯಾಲೆ ಒಂಬತ್ತು ಅಂತ ಐತಿ.”

“ಬರೇ ಮೂರು ಜಾಸ್ತಿ ಅಲ್ಲೇನು?”

“ಬರೇ ಮೂರು! ಮತ್ತ ಇಲ್ಲಿ ನೋಡ್ರಿ, ಪಿನ್ನಿನ ನಡುವ ಮೈನಸ್ ಬರಬೇಕು ಅಂತ ಚಿತ್ರ ತಗದಾರ. ಬ್ಯಾರೆ ಅಡಾಪ್ಟರ್‌ನಾಗ ನಡುವ ಪ್ಲಸ್ ಇರ್ತೈತಿ. ಉಲ್ಟಾ ಕೊಟ್ರ ಡಬ್ಬಿ ಅಲ್ಲೇ ಶಿವಾ ಅಂತೈತಿ. ಟೇಪ್ ಸುತ್ತಿ ಏನ್ ಮಾಡೀರಿ?”

“ವೈರ್ ಕತ್ತರಿಸಿ ಅದಲುಬದಲು ಮಾಡೀನಿ,” ಎಂದರು, ಶಾಲೆಯಲ್ಲಿ ಸಿಕ್ಕಿಬಿದ್ದವರ ದನಿಯಲ್ಲಿ.

ನಾನು ಹಣೆ ಚಚ್ಚಿಕೊಂಡೆ. ಗುಂಯ್ ಎನ್ನುವುದರ ಗುಟ್ಟು ನನಗೆ ಅಲ್ಲೇ ತಿಳಿಯಿತು. ಒಂದೇ ನಲ್ಲಿಗೆ ನಾಲ್ಕು ಮನೆಯವರು ಪೈಪು ಸಿಕ್ಕಿಸಿದರೆ ಒಬ್ಬರ ಮನೆಯ ಕೊಳೆ ಎಲ್ಲರ ಕೊಡಕ್ಕೂ ಬರುತ್ತದಲ್ಲ, ಹಾಗೆ ಒಂದು ಡಬ್ಬಿಯ ಗಲಾಟೆ ನಾಲ್ಕಕ್ಕೂ ಹಬ್ಬುತ್ತಿತ್ತು. ಪ್ರತಿ ಡಬ್ಬಿಗೂ ಟ್ರಾನ್ಸ್‌ಫಾರ್ಮರಿನ ಬೇರೆಯದೇ ತಂತಿಸುತ್ತಿನಿಂದ, ಒಂದಕ್ಕೊಂದು ಸಂಬಂಧವಿಲ್ಲದ ಕರೆಂಟು ಬರಬೇಕು. ಅಂಥ ಪವರ್ ಸಪ್ಲೈ ಪೇಟೆಯಲ್ಲಿ ಸಿಗುತ್ತದೆ, ಆರಿಸಲು ಗೊತ್ತಿರಬೇಕು ಅಷ್ಟೆ. ಗೊತ್ತಿರುವವಳು ಇದೇ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಳೆ ಎಂಬುದು ಇವರಿಗೆ ನಾಲ್ಕು ವರ್ಷ ಹೊಳೆದಿರಲಿಲ್ಲ!

ಭಾನುವಾರ ಮೆಟ್ರೋ ಹತ್ತಿ ಇಬ್ಬರೂ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋದೆವು. ನಮ್ಮವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು, ಯಾಕೋ ತಿಳಿಯಲಿಲ್ಲ. ಅಂಗಡಿಯವನು ಮೊದಲು ತೋರಿಸಿದ ಆರು ಡಬ್ಬಿಗಳನ್ನು ನಾನು ರಿಜೆಕ್ಟ್ ಮಾಡಿದೆ. ಒಂದರ ಬೆನ್ನ ಮೇಲೆ ವೋಲ್ಟೇ ಬರೆದಿರಲಿಲ್ಲ. ಒಂದಕ್ಕೆ ವೈರು ಸಿಕ್ಕಿಸುವ ಎಂಟು ತೂತಿತ್ತು, ಒಳಗೆ ಎಂಟೂ ಒಂದೇ. ಒಂದರಲ್ಲಿ ಬಾವಿಯ ದನಿಯ ಡಬ್ಬಿಗೆ ಬೇಕಾದಷ್ಟು ಕರೆಂಟು ಇರಲಿಲ್ಲ. ಒಂದು ಕೈಯಲ್ಲಿ ಹಿಡಿದರೆ ಖಾಲಿ ಬೆಂಕಿಪೊಟ್ಟಣದಷ್ಟು ಹಗುರ, ಸುರಕ್ಷತೆಯ ಗುರುತೂ ಇಲ್ಲ. ಉಳಿದೆರಡರ ಪ್ಲಗ್ಗು ನನಗೆ ಹಿಡಿಸಲಿಲ್ಲ.

“ಮೇಡಂ, ನೀವು ಯಾವ ಡಿಪಾರ್ಟ್‌ಮೆಂಟಿಂದ ಬಂದಿದ್ದೀರಾ?” ಎಂದು ಅಂಗಡಿಯವನು ಮೆಲ್ಲಗೆ ಕೇಳಿದ.

“ಗಿಟಾರ್ ಡಿಪಾರ್ಟ್‌ಮೆಂಟು,” ಎಂದು ನಮ್ಮವರು ನನ್ನ ಪರವಾಗಿ ಉತ್ತರ ಕೊಟ್ಟರು. ಅವರ ಮುಖದಲ್ಲಿ ಹೆಮ್ಮೆಯಿತ್ತು.

ಏಳನೆಯದು ಸರಿಯಾಗಿತ್ತು. ಒಂಬತ್ತು ವೋಲ್ಟು, ನಡುವೆ ಮೈನಸ್ಸು, ಕರೆಂಟು ಧಾರಾಳ, ಪ್ರತಿ ತೂತೂ ಬೇರೆ ಬೇರೆ. ಕೊಂಡು, ಬರುವಾಗ ಮಸಾಲೆ ದೋಸೆ ತಿಂದು ಮನೆಗೆ ಬಂದೆವು. ಸಂಜೆ ನಾಲ್ಕೂ ಡಬ್ಬಿ ಸಿಕ್ಕಿಸಿ ಸ್ವಿಚ್ಚು ಹಾಕಿದರೆ, ಏನೂ ಇಲ್ಲ! ಗುಂಯ್ ಇಲ್ಲ, ಗುಸುಗುಸುವೂ ಇಲ್ಲ. ನಮ್ಮವರು ಒಂದು ತಂತಿ ಮೀಟಿದರು. ದನಿ ತಿಳಿನೀರಿನ ಹಾಗೆ ಬಂತು.

“ಗಂಗಾ,” ಎಂದರು. ಅಷ್ಟೇ ಅಂದರು. ಮದುವೆಯಾದ ಹೊಸದರಲ್ಲಿ ಅಂದ ಹಾಗೆ ಅಂದರು.

ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಸುಮ್ಮನಿರಲಾರದವರು ಮೈಮೇಲೆ ಇರುವೆ ಬಿಟ್ಟುಕೊಳ್ಳುತ್ತಾರಂತೆ. ಗುರುವಾರ ಬೆಳಿಗ್ಗೆ ಕಸ ಗುಡಿಸುವಾಗ ನನ್ನ ಕಣ್ಣು ಆ ಪವರ್ ಸಪ್ಲೈ ಮೇಲೆ ಬಿತ್ತು. ಪ್ರತಿ ತೂತೂ ಬೇರೆ ಬೇರೆ ಎಂದು ಡಬ್ಬಿಯ ಮೇಲೆ ಬರೆದಿದ್ದಾರೆ, ಸರಿ. ಬರೆಯುವುದಕ್ಕೇನು, ಯಾರು ಬೇಕಾದರೂ ಬರೆಯುತ್ತಾರೆ. ಟೆಸ್ಟ್ ಮಾಡಿದವರು ಯಾರು?

“ರೀ, ಇದನ್ನೊಂದು ಸಲ ಫ್ಯಾಕ್ಟ್ರಿಗೆ ಒಯ್ದು ಹೈವೋಲ್ಟೇಜ್ ಟೆಸ್ಟ್ ಮಾಡ್ಕೊಂಡ್ ಬರ್ತೀನಿ.”

“ಬ್ಯಾಡ ಗಂಗಾ! ಚಲೋ ನಡ್ಯಾಕತ್ತೈತಿ, ಬಿಡು.”

“ನಿಮ್ಮ ಜೀವದ ಪ್ರಶ್ನೆ ರೀ. ಸ್ಟೇಜ್ ಮ್ಯಾಲೆ ಶಾಕ್ ಹೊಡದ್ರ?”

“ಹೊಡದ್ರ ಒಂದೂವರೆ ನಿಮಿಷ ಆದ ಮ್ಯಾಲೆ ಹೊಡೀಲಿ.”

ನಾನು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಪವರ್ ಸಪ್ಲೈ ಮಾಯವಾಗಿತ್ತು. ಜೋಳದ ಹಿಟ್ಟಿನ ಡಬ್ಬಿಯಲ್ಲಿ ಸಿಕ್ಕಿತು. (ಪಾಪ, ಅಡುಗೆಮನೆಯಲ್ಲಿ ಬಚ್ಚಿಟ್ಟರೆ ಹೆಂಡತಿಗೆ ಸಿಗುವುದಿಲ್ಲ ಎಂದುಕೊಂಡವರಿಗೆ ಏನು ಹೇಳುವುದು!) ಹಿಟ್ಟು ಒರೆಸಿ ಬ್ಯಾಗಿಗೆ ಹಾಕಿಕೊಂಡು ಹೊರಟೆ.

ಹೈವೋಲ್ಟೇಜ್ ಟೆಸ್ಟ್ ಎಂದರೆ ಒಂದಕ್ಕೊಂದು ಸಂಬಂಧ ಇರಬಾರದ ಎರಡು ಕಡೆಗಳ ನಡುವೆ ಎರಡು ಸಾವಿರ ವೋಲ್ಟು ಹಾಯಿಸಿ ಒಂದು ನಿಮಿಷ ಕಾಯುವುದು. ತಡೆದುಕೊಂಡರೆ ಪಾಸ್. ಊಟದ ಬಿಡುವಿನಲ್ಲಿ, ನನ್ನ ಪಕ್ಕದ ಟೇಬಲ್ಲಿನ ಅನುಸೂಯಮ್ಮನನ್ನು ಸಾಕ್ಷಿಗೆ ನಿಲ್ಲಿಸಿಕೊಂಡು, ಗೋಡೆಗೆ ಸಿಕ್ಕಿಸುವ ಅದರ ಪ್ಲಗ್ಗಿಗೂ ಒಂಬತ್ತು ವೋಲ್ಟಿನ ತೂತಿಗೂ ನಡುವೆ ಎರಡು ಸಾವಿರ ಕೊಟ್ಟೆ. ಒಂದು ನಿಮಿಷ ಅಲುಗಾಡದೆ ನಿಂತಿತು. ಶಾಕಿನ ಭಯವಿಲ್ಲ ಎಂದಾಯಿತು. ಭೇಷ್ ಎಂದು ಹಸಿರು ಸ್ಟಿಕ್ಕರ್ ಅಂಟಿಸಿಯೂ ಬಿಟ್ಟೆ.

“ಆಯ್ತಲ್ಲಕ್ಕಾ, ಬನ್ನಿ ಊಟ ಮಾಡೋಣ,” ಎಂದಳು ಅನುಸೂಯಮ್ಮ.

“ತಡಿ, ಒಂದು ತೂತಿಗೂ ಇನ್ನೊಂದು ತೂತಿಗೂ ನಡುವಿಂದು ಉಳೀತು.”

“ಅಕ್ಕಾ, ಅದು ಒಂಬತ್ತು ವೋಲ್ಟಿಂದು. ಒಂಬತ್ತೊಂಬತ್ತರ ಮಧ್ಯೆ ಎರಡು ಸಾವಿರ ಯಾಕಕ್ಕಾ?”

ಆಕೆ ಕೇಳಿದ್ದು ನೂರಕ್ಕೆ ನೂರು ಸರಿಯಾದ ಪ್ರಶ್ನೆ. ಆದರೆ ಹತ್ತೊಂಬತ್ತು ವರ್ಷ ದೊಡ್ಡ ದೊಡ್ಡ ಟ್ರಾನ್ಸ್‌ಫಾರ್ಮರುಗಳನ್ನು ಸುತ್ತು ಸುತ್ತಿನ ನಡುವೆ ಹಾಗೆ ಪರೀಕ್ಷೆ ಮಾಡಿದ ಕೈ ಇದು. ಅದು ಯಾರ ಮಾತು ಕೇಳುತ್ತದೆ? ಗುಂಡಿ ಒತ್ತಿದೆ.

‘ಟಪ್.’

ಹೆಚ್ಚೇನೂ ಸದ್ದಾಗಲಿಲ್ಲ. ಒಗ್ಗರಣೆಗೆ ಒಂದು ಸಾಸಿವೆ ಸಿಡಿದಷ್ಟು. ಆಮೇಲೆ ಒಂದು ಸಣ್ಣ ಹೊಗೆ, ಅದರ ಹಿಂದೆ ಆ ವಾಸನೆ. ಆ ವಾಸನೆ ನನಗೆ ಚೆನ್ನಾಗಿ ಗೊತ್ತು. ಬೇರೆಯವರ ತಪ್ಪಿನಿಂದ ಅದು ಬಂದಾಗಲೆಲ್ಲ ನಾನು ಇಡೀ ಶೆಡ್ಡಿಗೆ ಕೇಳುವ ಹಾಗೆ ಬೈದಿದ್ದೇನೆ.

“ಅಕ್ಕಾ, ಸ್ಟಿಕ್ಕರ್ ಕಿತ್ತಾಕ್ಬಿಡಿ,” ಎಂದು ಅನುಸೂಯಮ್ಮ ಪಿಸುಗುಟ್ಟಿದಳು. ಕೀಳಲು ಬರುವುದಿಲ್ಲ. ಉಗುರು ಹಾಕಿದರೆ ಹರಿದು ಚೂರಾಗುತ್ತದೆಯೇ ಹೊರತು ಬಿಡುವುದಿಲ್ಲ. ಯಾರೂ ಮೋಸ ಮಾಡಬಾರದು ಎಂದು ಅಂಥ ಸ್ಟಿಕ್ಕರನ್ನೇ ತರಿಸಿದವಳು ನಾನು.

ಅಂಗಡಿಗೆ ಫೋನು ಮಾಡಿದೆ. ಅದೇ ಮಾಲು ಇನ್ನು ಬರುವುದು ಮುಂದಿನ ವಾರ ಎಂದ. ಕಾರ್ಯಕ್ರಮ ಶನಿವಾರ. ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಬಾಯಿಪಾಠ ಮಾಡಿಕೊಂಡು ಮನೆಗೆ ಬಂದರೆ ನಮ್ಮವರು ಬಾಗಿಲಲ್ಲೇ ನಿಂತಿದ್ದರು. ನನ್ನ ಬ್ಯಾಗಿಗೆ ಕೈಹಾಕಿ ತಾವೇ ತೆಗೆದುಕೊಂಡರು. ಸ್ಟಿಕ್ಕರ್ ಕಂಡಿತು.

“ಪಾಸ್ ಆತಾ!” ಎಂದು ಪವರ್ ಸಪ್ಲೈಯನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡರು. “ಗಂಗಾ, ನಿನ್ನ ಕಡಿಂದ ಪಾಸ್ ಅನ್ನಿಸ್ಕೊಳ್ಳೂದು ಅಂದ್ರ ಹುಡುಗಾಟೇನು!”

ನನ್ನ ಬಾಯಿ ಕಟ್ಟಿಹೋಯಿತು. ನಮ್ಮ ಮನೆಯ ಇತಿಹಾಸದಲ್ಲಿ ಇದು ಮೊದಲ ಸಲ. ಆಮೇಲಾದರೂ ಹೇಳೋಣವೆಂದರೆ ಅವರು ಅದನ್ನು ದೇವರ ಮುಂದಿಟ್ಟು ವಿಭೂತಿ ಹಚ್ಚಿಬಿಟ್ಟರು.

“ರೀ, ಒಂದ್ ಸಲ ಹಚ್ಚಿ ನೋಡ್ರಿ ಮತ್ತ,” ಎಂದೆ ಶುಕ್ರವಾರ. ತಾವಾಗಿಯೇ ಕಂಡುಹಿಡಿಯಲಿ ಎಂಬ ಆಸೆ.

“ಯಾಕ? ನಿನ್ನ ಸ್ಟಿಕ್ಕರ್ ಐತಿ. ಅದರ ಮ್ಯಾಲೆ ನಾನೂ ಟೆಸ್ಟ್ ಮಾಡಿದ್ರ ನಿನಗ ಅವಮಾನ ಮಾಡಿದಂಗ. ಸೀದಾ ಸ್ಟೇಜ್ ಮ್ಯಾಲೆ ಹಚ್ಚತೀನಿ.”

“ಹಂಗಲ್ಲ ರೀ, ಮನಷ್ಯಾರು ತಪ್ಪು ಮಾಡ್ತಾರ...”

“ಮನಷ್ಯಾರು ಮಾಡ್ತಾರ. ನೀ ಮಾಡಂಗಿಲ್ಲ,” ಎಂದರು. ಅವರ ಮುಖ ನೋಡಿದರೆ ಹಾಲಿನಷ್ಟು ಮುಗ್ಧ. ಅವತ್ತು ನಾನೂ ಒಂದೇ ರೊಟ್ಟಿಗೆ ಕೈ ತೊಳೆದುಕೊಂಡೆ.

ಶನಿವಾರ ಸಂಜೆ ನಮ್ಮ ಬೀದಿಯ ಕೊನೆಯಲ್ಲಿ ಶಾಮಿಯಾನ ಎದ್ದಿತ್ತು. ಹಳದಿ ಕೆಂಪು ಬಾವುಟ, ಮುನ್ನೂರು ಕುರ್ಚಿ. ನಮ್ಮ ಮನೆಯ ಮಾಲಿಕರಾದ ಹನುಮಂತರಾಯಪ್ಪನವರೇ ಸಮಾರಂಭದ ಅಧ್ಯಕ್ಷರು. ಇನ್ನು ತಡೆಯಬಾರದೆಂದು ನಾನು ವೇದಿಕೆಯ ಪಕ್ಕಕ್ಕೆ ಓಡಿದೆ. ನಮ್ಮವರು ಸುಟ್ಟ ಡಬ್ಬಿ ನಂಬಿಕೊಂಡು ಮುನ್ನೂರು ಜನರೆದುರು ನಿಲ್ಲುತ್ತಾರೆ, ತಂತಿ ಮೀಟಿದರೆ ದನಿಯೇ ಬರುವುದಿಲ್ಲ, ಒಂದೂವರೆ ನಿಮಿಷದ ಆಸೆ ನನ್ನಿಂದ ಮಣ್ಣಾಗುತ್ತದೆ.

“ರೀ, ಒಂದು ಮಾತು ಹೇಳಬೇಕು, ಈಗ್ಲೇ!”

“ಸ್ಟೇಜ್ ಇಳಿದ ಮ್ಯಾಲೆ ಹೇಳು,” ಎಂದು ಹತ್ತಿಯೇ ಬಿಟ್ಟರು. ನಾನು ಮೂರನೆಯ ಸಾಲಿನಲ್ಲಿ, ಕಾರ್ಯಕ್ರಮ ನೋಡಲು ಬಂದಿದ್ದ ಅನುಸೂಯಮ್ಮನ ಪಕ್ಕ ಹೋಗಿ ಕುಳಿತೆ. ಆಕೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಹಾಡು ಅರ್ಧಕ್ಕೆ ಬಂದಾಗ ಮುರಳಿ ಕೈಯೆತ್ತಿದ. ತಬಲಾ ನಿಂತಿತು, ಕೀಬೋರ್ಡು ನಿಂತಿತು. ನಮ್ಮವರು ಮುಂದೆ ಬಂದು ಒಂದು ಡಬ್ಬಿ ತುಳಿದರು. ನಾನು ಕಣ್ಣು ಮುಚ್ಚಿಕೊಂಡೆ.

ದನಿ ಬಂತು! ಒಂದು ಚೂರು ಗುಂಯ್ ಇಲ್ಲದೆ, ಬಾವಿಯ ಡಬ್ಬಿಯೊಳಗೆ ಇಳಿದು, ಹೇಳಿದ್ದನ್ನೇ ಹೇಳುವ ಡಬ್ಬಿಯಲ್ಲಿ ಸುತ್ತಿ, ಶಾಮಿಯಾನದ ತುಂಬ ಹರಿಯಿತು. ಹಿಂದಿನ ಸಾಲಿನವರೂ ತೆಪ್ಪಗಿದ್ದರು. ನಾಲ್ಕು ವರ್ಷ ನಾನು ಬೈದುಕೊಂಡ ಬೆರಳುಗಳು ಇವೇನಾ ಎನ್ನಿಸಿ ನನಗೆ ಅಳು ಬಂತು. ಮುಚ್ಚುಮರೆ ಯಾಕೆ, ಸೆರಗಿನಲ್ಲಿ ಮೂಗು ಒರೆಸಿಕೊಂಡು ಅತ್ತೆ.

“ಅಕ್ಕಾ, ಸುಟ್ಟೋಗಿತ್ತಲ್ವಾ?” ಎಂದಳು ಅನುಸೂಯಮ್ಮ, ಬಾಯಿ ತೆರೆದುಕೊಂಡು.

ಒಂದೊಂದು ಸಲ ಸುಟ್ಟದ್ದು ತಾನಾಗಿ ಸರಿಹೋಗುವುದೂ ಉಂಟು ಎಂದೆ. (ಇಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಂದೂ ಹೋಗಿಲ್ಲ. ಆದರೆ ವಿಭೂತಿ ಹಚ್ಚಿದ್ದರಲ್ಲ.)

ಚಪ್ಪಾಳೆ ನಿಂತ ಮೇಲೆ ನಮ್ಮವರು ಮೈಕು ತೆಗೆದುಕೊಂಡರು. “ಈ ಸಲ ಗುಂಯ್ ಅನ್ನಲಿಲ್ಲ. ಪವರ್ ಸಪ್ಲೈ ಆರಿಸಿದವ್ರು, ಟೆಸ್ಟ್ ಮಾಡಿದವ್ರು ನಮ್ಮ ಮನಿಯವ್ರು. ಅವರು ಅದರ ಬಗ್ಗೆ ಎರಡು ಮಾತು ಹೇಳ್ತಾರ.”

ಹನುಮಂತರಾಯಪ್ಪನವರು ನನ್ನನ್ನು ವೇದಿಕೆಗೆ ಕರೆಸಿ ಶಾಲು ಹೊದಿಸಿದರು. ಮೈಕು ಕೈಗೆ ಬಂತು. ಸತ್ಯ ಹೇಳಬೇಕೆಂದೇ ಬಾಯಿ ತೆರೆದೆ, ಬಸವಣ್ಣನಾಣೆ. ಆದರೆ ಮುನ್ನೂರು ಜನ ಬಾಯಿ ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದರು, ಶಾಲು ಬೇರೆ ಬೆಚ್ಚಗಿತ್ತು.

“ಪವರ್ ಸಪ್ಲೈ ಆರಿಸೂದು ಅಂದ್ರ ಅಳಿಯನ್ನ ಆರಿಸಿದಂಗ,” ಎಂದು ಶುರುಮಾಡಿದೆ. ಜನ ನಕ್ಕರು. ಆಮೇಲೆ ನನ್ನನ್ನು ಹಿಡಿಯುವವರಿಲ್ಲ. ವೋಲ್ಟು ಹೇಳಿದೆ, ಮೈನಸ್ಸು ಹೇಳಿದೆ, ಒಂದು ನಲ್ಲಿ ನಾಲ್ಕು ಪೈಪಿನ ದೃಷ್ಟಾಂತ ಹೇಳಿದೆ. ಕೊನೆಗೆ ಬೆರಳೆತ್ತಿ, “ಯಾರು ಏನೇ ಹೇಳ್ಲಿ, ಟೆಸ್ಟ್ ಮಾಡದ ಯಾವ ಮಾಲೂ ಮನಿಯೊಳಗ ತರಬ್ಯಾಡ್ರಿ. ನಾ ಮಾಡಿದ್ದಕ್ಕ ಇವತ್ತು ಈ ದನಿ ಕೇಳಿದ್ರಿ!” ಎಂದು ಮುಗಿಸಿದೆ. ಸೋಲೋಗಿಂತ ಜಾಸ್ತಿ ಚಪ್ಪಾಳೆ ಬಿತ್ತು. ಮೂರನೆಯ ಸಾಲಿನಲ್ಲಿ ಅನುಸೂಯಮ್ಮ ಮಾತ್ರ ಚಪ್ಪಾಳೆ ಹೊಡೆಯದೆ ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದಳು.

ಕಾರ್ಯಕ್ರಮ ಮುಗಿದ ಮೇಲೆ ಆ ಪವಾಡದ ಪವರ್ ಸಪ್ಲೈಯನ್ನು ಕಣ್ಣಾರೆ ನೋಡೋಣವೆಂದು ವೇದಿಕೆ ಹತ್ತಿದೆ. ಅದು ಸ್ಪೀಕರಿನ ಕೆಳಗಿತ್ತು. ನೆಲ ಏರುತಗ್ಗಾಗಿ ಸ್ಪೀಕರು ಅಲುಗಾಡುತ್ತಿತ್ತಂತೆ, ಒಂದು ಮೂಲೆಗೆ ಇದನ್ನು ಒತ್ತು ಕೊಟ್ಟಿದ್ದರು. ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು.

ನಮ್ಮವರು ಒಂದು ಪೆಡಲ್ ತಿರುವಿ ಬೆನ್ನಿನ ಮುಚ್ಚಳ ತೆಗೆದರು. ಒಳಗೆ ಒಂಬತ್ತು ವೋಲ್ಟಿನ ಸೆಲ್ಲು. ನಮ್ಮ ಮನೆಯ ಕೆಳಗಿನ ಅಂಗಡಿಯಲ್ಲಿ ಗಡಿಯಾರದ ಸೆಲ್ಲಿನ ಪಕ್ಕ ಸಿಗುತ್ತದಲ್ಲ, ಅದೇ. ನಾಲ್ಕರಲ್ಲೂ ಒಂದೊಂದು.

“ಕಣ್ಣಿಗೊತ್ತಿಕೊಂಡಾಗ್ಲೇ ವಾಸನಿ ಮೂಗಿಗೆ ಬಡೀತು,” ಎಂದರು. “ನನಗೂ ಮೂಗು ಐತಿ ಗಂಗಾ.”

“ಸೆಲ್ ಹಾಕಿದ್ರ ನಡೀತೈತಿ ಅಂತ ಮೊದ್ಲಿಂದ ಗೊತ್ತಿತ್ತೇನು ನಿಮಗ?”

“ಗೊತ್ತಿತ್ತು. ದಿನಾ ಬಾರ್ಸಾಕ ತಡಿಯಂಗಿಲ್ಲ, ಎರಡು ತಾಸಿಗೆ ಮುಗೀತಾವ. ಒಂದೂವರೆ ನಿಮಿಷಕ್ಕ ಸಾಕಾದ್ವು.”

“ಗೊತ್ತಿದ್ದೂ ಎಸ್.ಪಿ. ರೋಡಿಗೆ ಯಾಕ್ ಬಂದ್ರಿ?”

ಅವರು ಪೆಡಲಿನ ಮುಚ್ಚಳ ಹಾಕಿದರು. “ನಾಕ್ ವರ್ಷದಾಗ ನೀ ನನ್ನ ಡಬ್ಬಿ ಮುಂದ ಮಂಡಿ ಹಚ್ಚಿ ಕುಂತು ನೋಡಿದ್ದು ಅದ ಮೊದಲು. ಸೆಲ್ ಐತಿ ಅಂದಿದ್ರ ನೀ ಎದ್ದು ಹೋಗತಿದ್ದಿ.”

ಸೋತಾಗ ಜಗಳ ಮಾಡುವುದು ನಮ್ಮ ಮನೆಯ ಪದ್ಧತಿ.

“ಹಂಗಾರ ಎರಡು ದಿನ ಮುಗ್ಧರಂಗ ನಾಟಕ ಮಾಡಿದ್ರಿ! ಮ್ಯಾಲೆ ಮೈಕ್ ಬ್ಯಾರೆ ಕೊಡಿಸಿದ್ರಿ, ಮುನ್ನೂರು ಮಂದಿ ಮುಂದ!”

“ಏನೋ ಹೇಳಬೇಕು, ಈಗ್ಲೇ ಹೇಳಬೇಕು ಅಂದಿ. ಎಲ್ಲಾರ ಮುಂದ ಒಮ್ಮೆ ಹೇಳಿ ಹಗರಾಗ್ಲಿ ಅಂತ ಕೊಡಿಸ್ದೆ.” ನಮ್ಮವರು ಗಿಟಾರು ಹೆಗಲ ಮೇಲೆ ಹಾಕಿಕೊಂಡರು. “ನೀ ಭಾಷಣ ಮಾಡಿದಿ.”

ನಾನು ಶಾಲನ್ನು ತಲೆಯ ಮೇಲೆ ಎಳೆದುಕೊಂಡೆ. ಅಷ್ಟರಲ್ಲಿ ಹನುಮಂತರಾಯಪ್ಪನವರು ನಗುನಗುತ್ತ ಬಂದರು, ಹಿಂದೆಯೇ ಅವರ ಹೆಂಡತಿ ಮರಿಯಮ್ಮನವರು.

“ಶಿವಗಂಗಮ್ನೋರೇ, ಏನ್ ಮಾತಾಡಿದ್ರಿ ತಾಯಿ! ಟೆಸ್ಟ್ ಮಾಡ್ದಲೆ ಮನೆಗೆ ತರ್ಬಾರ್ದು ಅಂದ್ರಲ್ಲ, ಅಂಗೇ ನಡ್ಕಬೇಕು. ನಾವು ಒಂದ್ ಹೊಸ ಮಿಕ್ಸಿ ತಂದಿವಿ. ನಾಳೀಕೆ ತಂದ್ಕೊಡ್ತೀನಿ, ಫ್ಯಾಕ್ಟ್ರಿಗೆ ತಗಂಡೋಗಿ ಒಸಿ ನೋಡ್ಬಿಡಿ.”

ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಉತ್ತರಿಸಿದರು.

“ತರ್ರಿ ಸಾಹೇಬ್ರ, ಅದಕ್ಕೇನು, ನೋಡ್ತಾಳ. ಹಳೇ ಒರಳುಕಲ್ಲು ಮಾತ್ರ ಯಾರಿಗೂ ಕೊಡಬ್ಯಾಡ್ರಿ.”